ಅರ್ಧ ಸುತ್ತು

ಕೆಟ್ಟ ಸಾಮಾನು ಹೊತ್ತು ತರುವವರೆಲ್ಲ ಆ ರಿಪೇರಿ ಅಂಗಡಿಯವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸುವ ಕಾಯಿಲ್ಲು, ಏನೇ ಇರಲಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಕಾಯಿಲೆ ಏನೆಂದು ಅವರಿಗೆ ಗೊತ್ತಾಗುತ್ತಿತ್ತು. ಸ್ವಂತ ಕಾಯಿಲೆ ಮಾತ್ರ ಐವತ್ತೆಂಟು ತುಂಬಿದರೂ ಗೊತ್ತಾಗಿರಲಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರು. ಒಂಟಿತನ ಎಂದರೆ ದೊಡ್ಡ ಮಾತಾಯಿತು. ಮಾತಾಡಲು ಜನ ಇರಲಿಲ್ಲ, ಅಷ್ಟೆ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ನಡುವೆ ಒಂದು ಪರದೆ. ಪರದೆಯ ಆಚೆ ಇವರು ಹೋದರೆ ಈಚೆ ಯಾರೂ ಇರುತ್ತಿರಲಿಲ್ಲ.

ಗಿರಾಕಿಗಳೇನೋ ಬರುತ್ತಿದ್ದರು. ಮೆಟ್ಟಿಲ ಮೇಲೇ ನಿಂತು ಸಾಮಾನು ಚಾಚಿ, "ಯಾವಾಗ ಕೊಡ್ತೀರಿ?" ಎಂದು ಕೇಳಿ, ಉತ್ತರ ಕಿವಿಗೆ ಬೀಳುವ ಮೊದಲೇ ಬೆನ್ನು ತೋರಿಸುತ್ತಿದ್ದರು. ಡಾಕ್ಟರ ಕೈಗೆ ಬರುವ ಸಾಮಾನುಗಳಲ್ಲಿ ಕೂತು ಕಾಯಬೇಕಾದ ರಿಪೇರಿ ಒಂದೇ ಒಂದು. ಅದು ಗುಂಡಣ್ಣನ ಪಾಟು.

ಗುಂಡಣ್ಣ ಎಂದರೆ ದಪ್ಪಗಿದ್ದಾನೆ ಎಂದುಕೊಳ್ಳಬೇಡಿ. ಜೋರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಂಥ ಸಣಕಲ. ಮೀನಿನ ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಎರಕ ಹೊಯ್ಯುವುದು ಅವನ ಕಸುಬು, ಹೆಸರು ಬಂದದ್ದು ಅಲ್ಲಿಂದ. "ನನ್ನ ಸಾಮಾನು ಮುಳುಗಿದ್ರೇನೇ ಡಾಕ್ಟ್ರೇ, ಗಿರಾಕಿ ಹೊಗಳೋದು" ಎನ್ನುತ್ತಿದ್ದ. ಅವನ ಪಾಟು ಕರೆಂಟಿನಲ್ಲಿ ಸೀಸ ಕರಗಿಸುವಂಥದ್ದು. ನಾಲ್ಕು ಜನರ ಅನ್ನ ಬೇಯುವಷ್ಟು ದೊಡ್ಡ ಉಕ್ಕಿನ ಪಾತ್ರೆ, ಅದರ ಸುತ್ತ ಕಾಯಿಲ್ಲು, ತಳದಲ್ಲಿ ಸಣ್ಣ ಮೂತಿ. ಹಿಡಿಕೆ ಎತ್ತಿದರೆ ಒಳಗಿನ ಕಡ್ಡಿ ಮೇಲೆದ್ದು ಮೂತಿ ತೆರೆಯುತ್ತದೆ, ಕರಗಿದ ಸೀಸ ಅಚ್ಚಿಗೆ ಇಳಿಯುತ್ತದೆ.

ಒಂಬತ್ತು ವರ್ಷದ ಹಿಂದೆ ಅದು ಮೊದಲ ಸಲ ಬಂದಾಗ ಕೆಟ್ಟಿದ್ದು ದೊಡ್ಡದೇನಲ್ಲ. ಕಾಯಿಲ್ಲಿಗೆ ವೈರು ಸೇರುವ ಕಡೆ ನಟ್ಟು ಸಡಿಲವಾಗಿ, ಕಿಡಿ ಹಾರಿ, ತುದಿ ಸುಟ್ಟು ಕರಕಲಾಗಿತ್ತು. ತುದಿ ಕತ್ತರಿಸಿ, ಹೊಸದು ಕೂರಿಸಿ, ನಟ್ಟು ಬಿಗಿದರೆ ಮುಗಿಯಿತು ಎನ್ನುವವನು ಅರೆಬರೆ ಕೆಲಸಗಾರ. ಕಾವಿಗೆ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಎಷ್ಟೇ ಬಿಗಿದ ನಟ್ಟೂ ಮೊದಲ ಕಾವಿನಲ್ಲೇ ಒಂಚೂರು ಸಡಿಲುತ್ತದೆ. ಹಾಗಾಗಿ ಸೀಸ ಹಾಕಿ ಒಮ್ಮೆ ಪೂರ್ತಿ ಕರಗಿಸಬೇಕು, ಆರಲು ಬಿಡಬೇಕು, ಆಮೇಲೆ ಪ್ಲಗ್ಗು ಕಿತ್ತು ಅದೇ ನಟ್ಟಿಗೆ ಇನ್ನು ಅರ್ಧ ಸುತ್ತು ಕೊಡಬೇಕು. ಡಾಕ್ಟರಿಗೆ ಕೆಲಸ ಕಲಿಸಿದವರು ತಲೆಗೆ ಮೊಟಕಿ ಹೇಳಿಕೊಟ್ಟ ಪಾಠ ಅದು.

ಕರಗಲು ಅರ್ಧ ಗಂಟೆ, ಆರಲು ಎರಡು ಗಂಟೆ. ಕಾದ ಸೀಸದ ಹತ್ತಿರ ಒಂದು ಹನಿ ನೀರೂ ಸುಳಿಯಬಾರದು, ಬಿದ್ದರೆ ಸಿಡಿದು ಮುಖಕ್ಕೇ ಬರುತ್ತದೆ. ಆದ್ದರಿಂದ ಚಹಾದ ಲೋಟ ಹಿಡಿದು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಗುಂಡಣ್ಣ ಬಾಯಿ ಬಿಟ್ಟವನು ಮುಚ್ಚಲೇ ಇಲ್ಲ. ಪಕ್ಕದ ಮನೆಯ ಕೋಳಿ ಇವನ ಅಚ್ಚಿನ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟದ್ದು, ಗುಂಡು ಒಡೆದಿದೆ ಎಂದು ಬಲೆಯವನೊಬ್ಬ ಜಗಳಕ್ಕೆ ಬಂದದ್ದು, ಆಮೇಲೆ ನೋಡಿದರೆ ಅದು ಕೋಳಿಯ ಮೊಟ್ಟೆಯೇ ಆಗಿದ್ದದ್ದು. ಡಾಕ್ಟರು ನಕ್ಕು ನಕ್ಕು ದವಡೆ ನೋಯಿಸಿಕೊಂಡರು. ಆ ದವಡೆಗೆ ಅಂಥ ಕೆಲಸ ಬಿದ್ದು ಎಷ್ಟೋ ಕಾಲವಾಗಿತ್ತು. ಸೀಸ ಆರಿತು, ಅರ್ಧ ಸುತ್ತು ಕೊಟ್ಟದ್ದಾಯಿತು. "ಬರ್ತೀನಿ ಡಾಕ್ಟ್ರೇ" ಎಂದ ಗುಂಡಣ್ಣ. "ಹೋಗಿ ಬಾ" ಎಂದರು ಇವರು.

ಅವನು ಎರಡು ವರ್ಷ ಬರಲಿಲ್ಲ. ಪಾಟು ಕೆಡಲೇ ಇಲ್ಲ, ಯಾಕೆ ಬಂದಾನು? ಒಳ್ಳೆ ಕೆಲಸ ಮಾಡಿದ್ದಕ್ಕೆ ಡಾಕ್ಟರಿಗೆ ಸಿಕ್ಕ ಬಹುಮಾನ ಅದು.

ಎರಡನೆಯ ಸಲ ಪಾಟು ಬಂದ ದಿನವೂ ಹಾಗೇ ಕಾಯಿಸಿದರು, ಆರಿಸಿದರು, ಬೆಂಚಿನಲ್ಲಿ ಕೂತು ನಕ್ಕರು. ಕೊನೆಗೆ ಸ್ಪ್ಯಾನರು ನಟ್ಟಿಗೆ ಕೂರಿಸಿದ ಡಾಕ್ಟರು ಹೊರಗೆ ನೋಡಿದರು. ಗುಂಡಣ್ಣ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಯಾವುದೋ ಹಾಡು ಗುನುಗುತ್ತಿದ್ದ. ಮತ್ತೆ ಎರಡು ವರ್ಷವೇ ಎಂದುಕೊಂಡರು. ಸ್ಪ್ಯಾನರು ತಿರುಗಲಿಲ್ಲ. ಹಾಗೇ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿ, "ಆಯ್ತಪ್ಪಾ" ಎಂದರು.

ಸರಿಯಾಗಿ ಮೂರು ತಿಂಗಳಿಗೆ ಗುಂಡಣ್ಣ ಹಾಜರು. ಅಲ್ಲಿಂದ ಏಳು ವರ್ಷ ಇದೇ ಲೆಕ್ಕ ತಪ್ಪಲಿಲ್ಲ. ಮೂರನೇ ತಿಂಗಳು ಹತ್ತಿರವಾದಂತೆ ಡಾಕ್ಟರು ಬೆಂಚು ಒರೆಸಿಡುತ್ತಿದ್ದರು. "ಇದೆಂಥ ಪಾಟು ಡಾಕ್ಟ್ರೇ, ನನಗಿಂತ ಸೋಮಾರಿ" ಎಂದು ಅವನು ನಗುತ್ತಿದ್ದ. "ಹಳೇ ಮಾಲು, ಇಷ್ಟಾದ್ರೂ ನಡೀತಿದೆ ಅನ್ನು" ಎಂದು ಇವರು ಕಣ್ಣು ತಪ್ಪಿಸುತ್ತಿದ್ದರು. ಒಂದೆರಡು ಸಲ ಅವನು ಮನೆಗೂ ಕರೆದ. ಹತ್ತು ನಿಮಿಷದ ದಾರಿ. ಅಂಗಡಿ ಬಿಟ್ಟು ಹೇಗೆ ಬರಲಿ ಎಂದರು ಡಾಕ್ಟರು. ಕರೆದವರ ಮನೆಗೆ ಹೋಗುವ ಅಭ್ಯಾಸವೇ ತಪ್ಪಿಹೋಗಿತ್ತು. ಅಲ್ಲಿ ಹೋಗಿ ಏನು ಮಾತಾಡುವುದು ಎಂದು ಭಯ.

ಈ ಸಲ ಬೆಂಚು ಒರೆಸಿಟ್ಟ ಮೂರನೇ ದಿನ ಗೋಣಿಚೀಲದಲ್ಲಿ ಪಾಟು ಹೊತ್ತು ಬಂದದ್ದು ಒಬ್ಬ ಹೆಂಗಸು. ಅದೇ ಸಣಕಲು ಮೈ, ಅದೇ ಮೂಗು. ಗುಂಡಣ್ಣನ ತಂಗಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಗುಂಡಣ್ಣ ಎಲ್ಲಿದಾನಮ್ಮಾ?"

"ಮಲಗಿದಾನೆ. ಕಾಲು ಸುಟ್ಕೊಂಡಿದಾನೆ." ಅವಳು ಪಾಟು ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. "ಎರಕ ಹೊಯ್ತಾ ಹೊಯ್ತಾ ಕಾವು ನಿಂತ್ಹೋಯ್ತು. ಸೀಸ ಮೂತೀಲೇ ಗಟ್ಟಿಯಾಯ್ತು. ಬಲೆಯವರಿಗೆ ಸಂಜೆಗೆ ಕೊಡ್ತೀನಿ ಅಂದಿದ್ದ, ಮಾತು ತಪ್ಪಬಾರ್ದು ನೋಡಿ, ಗ್ಯಾಸಿನ ಬೆಂಕಿ ತಗೊಂಡು ಕೆಳಗಿಂದ ಮೂತಿ ಕಾಯಿಸೋಕೆ ಹೋದ. ಒಂದೇ ಸಲ ಬಿಟ್ಕೊಂಡು ಪಾದದ ಮೇಲೇ ಸುರೀತು. ಚಪ್ಪಲಿ ಚರ್ಮಕ್ಕೆ ಅಂಟ್ಕೊಂಡಿತ್ತು. ಎರಡು ಬೆರಳು ಉಳಿಯೋದು ಕಷ್ಟ ಅಂತಾರೆ."

ಡಾಕ್ಟರು ಬಗ್ಗಿ ಗೋಣಿಚೀಲದ ಬಾಯಿ ಬಿಡಿಸತೊಡಗಿದರು.

"ನಿಮಗೆ ಹೇಳ್ಬೇಡ ಅಂತ ಅಣ್ಣ ಆಣೆ ಹಾಕಿಸ್ಕೊಂಡಿದ್ದ. ಡಾಕ್ಟ್ರು ಸುಮ್ನೆ ನೊಂದ್ಕೋತಾರೆ, ಅವರ ಕೈ ಬಂಗಾರದ ಕೈ, ತಪ್ಪು ನನ್ನ ಆತುರದ್ದು ಅಂತ. ನನಗೆ ಬಾಯಿ ನಿಲ್ಲಲ್ಲ, ಏನ್ ಮಾಡೋದು. ನಾಳೆ ಬಂದು ಪಾಟು ತಗೊಂಡ್ಹೋಗ್ತೀನಿ."

"ಬೇಡ," ಎಂದರು ಡಾಕ್ಟರು. "ನಾನೇ ತಂದ್ಕೊಡ್ತೀನಿ."

ಅವಳು ಹೋದ ಮೇಲೆ ಮುಚ್ಚಳ ತೆಗೆದರು. ಕಾಣುವುದೇನು ಎಂದು ಮೊದಲೇ ಗೊತ್ತಿತ್ತು. ಸಡಿಲ ನಟ್ಟು, ಕರಕಲು ವೈರು. ತಮ್ಮದೇ ಕೈಬರಹ ಓದಿದಂತಾಯಿತು.

ಕೂತು ಕೆಲಸ ಹಿಡಿದರು. ಕಾವು ತಡೆಯುವ ಹೊಸ ವೈರು ಎಳೆದರು, ಹೊಸ ವಾಷರು, ಹೊಸ ನಟ್ಟು ಹಾಕಿದರು. ಪಾಟು ಕಾಯಿಸಿ ಸೀಸ ಕರಗಿದ ಮೇಲೆ ಒಂದು ಚಿಟಿಕೆ ಮೇಣ ಹಾಕಿ ಕಲಕಿ, ಮೇಲೆ ತೇಲಿದ ಕಿಟ್ಟವನ್ನೆಲ್ಲ ಸೌಟಿನಲ್ಲಿ ತೆಗೆದರು. ಮೂತಿಯಲ್ಲಿ ಒಂದು ತೊಟ್ಟೂ ಸೋರದಂತೆ ಕಡ್ಡಿಯನ್ನು ಇದ್ದಲ್ಲೇ ತಿರುಗಿಸಿ ತಿರುಗಿಸಿ ಕೂರಿಸಿದರು. ಆಮೇಲೆ ಕರೆಂಟು ಆರಿಸಿ, ಚಹಾ ಮಾಡಿಕೊಂಡು ಬೆಂಚಿನ ಮೇಲೆ ಕೂತರು. ಎರಡು ಗಂಟೆ ಎಂದರೆ ಎಷ್ಟು ಉದ್ದ ಎಂದು ಅವತ್ತು ತಿಳಿಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಆ ಎರಡು ಗಂಟೆಯಲ್ಲಿ ಹತ್ತು ಸಲ ಬಂದು ಪಕ್ಕದಲ್ಲಿ ಕೂತಿತು. ಹೇಳಿದರೆ ಇರುವ ಒಬ್ಬನೂ ಹೋಗುತ್ತಾನೆ. ಸೀಸ ಆರಿತು. ಒಂಬತ್ತು ವರ್ಷದ ಮೇಲೆ ಆ ಪಾಟಿನ ನಟ್ಟಿಗೆ ಅರ್ಧ ಸುತ್ತು ಕೊಟ್ಟರು.

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಪಾಟು ಹೊತ್ತು ಹೊರಟರು. ಎರಡು ಕಡೆ ದಾರಿ ಕೇಳಬೇಕಾಯಿತು. ಗುಂಡಣ್ಣ ಕಿಟಕಿಯ ಹತ್ತಿರ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದ. ಮೊಣಕಾಲಿನವರೆಗೂ ಬಟ್ಟೆ ಸುತ್ತಿತ್ತು. ಇವರನ್ನು ಕಂಡವನೇ ಏಳಲು ಹೋದ.

"ಅಯ್ಯೋ ಡಾಕ್ಟ್ರೇ! ನೀವು ಬರೋಕೆ ನಾನು ಕಾಲೇ ಸುಟ್ಕೋಬೇಕಾಯ್ತು ನೋಡಿ! ಕೂತ್ಕೊಳ್ಳಿ, ಕೂತ್ಕೊಳ್ಳಿ. ತಂಗೀ, ಚಹಾ ಇಡು."

ಡಾಕ್ಟರು ಕೂರಲಿಲ್ಲ. ಪಾಟನ್ನು ಕೆಳಗಿಟ್ಟು, ಅದರ ಕಡೆಗೇ ನೋಡುತ್ತಾ, ನಟ್ಟಿನ ವಿಷಯವನ್ನೆಲ್ಲ ಹೇಳಿದರು. ಅರ್ಧ ಸುತ್ತು ಏಕೆ ಬೇಕು, ಎಷ್ಟು ವರ್ಷದಿಂದ ಕೊಟ್ಟಿಲ್ಲ, ಏಕೆ ಕೊಟ್ಟಿಲ್ಲ, ಎಲ್ಲ. "ನೀನು ಬರ್ತಾ ಇರ್ಲಿ ಅಂತ" ಎಂದು ಮುಗಿಸಿದರು.

ಗುಂಡಣ್ಣ ಕಿಟಕಿಯ ಕಡೆಗೆ ಮುಖ ತಿರುಗಿಸಿದ.

"ಪ್ರತಿ ಸಲ ಬರ್ತೀನಿ ಅಂತ ಹೇಳ್ತಿದ್ನಲ್ಲ ಡಾಕ್ಟ್ರೇ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಡಾಕ್ಟರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಒಂದೇ ಒಂದ್ಸಲ ಸರಿಯಾಗಿ ಬಿಗಿದು ನೋಡ್ಬಾರ್ದಿತ್ತಾ? ಬರ್ತಿದ್ನೋ ಇಲ್ವೋ ಗೊತ್ತಾಗ್ತಿತ್ತು."

ತಂಗಿ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತವಳು ನಿಂತೇ ಇದ್ದಳು.

"ಬರ್ತೀನಿ ಗುಂಡಣ್ಣ," ಎಂದರು ಡಾಕ್ಟರು. ಈ ಮಾತನ್ನು ಯಾರ ಮನೆಯಿಂದಾದರೂ ಹೊರಡುತ್ತಾ ಹೇಳಿ ಎಷ್ಟು ವರ್ಷವಾಗಿತ್ತೋ.

"ಹೋಗಿ," ಎಂದ ಗುಂಡಣ್ಣ.

ಡಾಕ್ಟರು ಹೊಸ್ತಿಲು ದಾಟಿ ಚಪ್ಪಲಿ ಹಾಕಿಕೊಂಡರು. ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು. ಬನ್ನಿ ಎಂಬ ಉಳಿದರ್ಧ ಮಾತು ಒಳಗಿನಿಂದ ಬರಬಹುದೆಂದು ಕಾದರು. ಪಾಟಿನ ಹಿಡಿಕೆ ಒಮ್ಮೆ ಎತ್ತಿ ಇಳಿಸಿದ ಸದ್ದು ಕೇಳಿಸಿತು. ಬೇರೇನೂ ಕೇಳಿಸಲಿಲ್ಲ.

ಮೂರು ತಿಂಗಳಾಗುತ್ತಾ ಬಂದಾಗ ಕೈ ತನ್ನಷ್ಟಕ್ಕೆ ಬಟ್ಟೆ ಹುಡುಕಿ ಬೆಂಚು ಒರೆಸಿತು. ಗುಂಡಣ್ಣ ಎದ್ದು ಓಡಾಡುತ್ತಿದ್ದಾನೆ, ಮತ್ತೆ ಎರಕ ಹೊಯ್ಯುತ್ತಿದ್ದಾನೆ ಎಂದು ಇಸ್ತ್ರಿ ಪೆಟ್ಟಿಗೆ ಕೊಡಲು ಬಂದ ಬಲೆಯವನೊಬ್ಬ ಮೆಟ್ಟಿಲ ಮೇಲೇ ನಿಂತು ಹೇಳಿದ. "ಪಾಟು ಹೇಗಿದೆಯಂತೆ?" ಎಂದು ಡಾಕ್ಟರು ಕೇಳುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಆಗಿತ್ತು. ಕೇಳುವ ಅಗತ್ಯವೂ ಇರಲಿಲ್ಲ. ಅಷ್ಟು ಚೆನ್ನಾಗಿ ಅವರು ಜೀವಮಾನದಲ್ಲಿ ಯಾವ ನಟ್ಟನ್ನೂ ಬಿಗಿದಿರಲಿಲ್ಲ.