ಹಾಯ್ಟ್ ಒಳಗೇ ಇರಲಿ

ಶುಕ್ರವಾರ ಮಲಗುವ ಮುಂಚೆ ವರ್ಲೀನ್ ಹಂದಿಯ ಭುಜದ ದೊಡ್ಡ ತುಂಡುಗಳಿಗೆ ಉಪ್ಪು, ಕಂದು ಸಕ್ಕರೆ, ಮೆಣಸಿನ ಪುಡಿ ಚೆನ್ನಾಗಿ ಸವರಿ ಕರೆಂಟಿನಲ್ಲಿ ರಾತ್ರಿಯಿಡೀ ನಿಧಾನವಾಗಿ ಬೇಯಿಸುವ ಎರಡು ಸ್ಲೋ ಕುಕ್ಕರುಗಳಿಗೆ ತುಂಬಿದ್ದಳು. ಬೆಳಗ್ಗೆ ಏಳುವಷ್ಟರಲ್ಲಿ ಮನೆಯೆಲ್ಲ ಘಮಘಮ. ಬೇರೆ ವರ್ಷಗಳಲ್ಲಾದರೆ ಆ ವಾಸನೆಗೇ ಅವಳ ಮುಖ ಅರಳುತ್ತಿತ್ತು. ಈ ವರ್ಷ ಹಾಗಾಗಲಿಲ್ಲ. ಸಂಜೆಯವರೆಗೆ ಈ ಫುಟ್‌ಬಾಲ್ ಪಂದ್ಯದ ದಿನ ಸುಸೂತ್ರವಾಗಿ ಕಳೆದುಹೋದರೆ ಸಾಕಪ್ಪಾ ದೇವರೇ ಎಂದುಕೊಂಡೇ ಒಲೆಯ ಮುಂದೆ ನಿಂತಳು.

ಅವಳ ಗಂಡ ಹಾಯ್ಟ್ ಜೀವಮಾನವಿಡೀ ಊರಿನ ನೂಲಿನ ಗಿರಣಿಯಲ್ಲಿ ದುಡಿದವನು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಅಲ್ಲಿನ ಹತ್ತಿಯ ಧೂಳು ಮಾತ್ರ ಅವನ ಶ್ವಾಸಕೋಶ ಬಿಟ್ಟು ಹೋಗಿರಲಿಲ್ಲ. ಈ ವಸಂತದಿಂದ ಅವನ ಮೂಗಿಗೆ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಆಕ್ಸಿಜನ್ ಮಷೀನು. ಹಿತ್ತಿಲ ಕೋಣೆಯಲ್ಲಿ ಅದು ಹಗಲು ರಾತ್ರಿ ಗುಂಯ್ ಎನ್ನುತ್ತಿರುತ್ತಿತ್ತು. ಅದೇನಾದರೂ ನಿಂತುಹೋದರೆ ಏನಾಗುತ್ತದೆ ಎಂದು ವರ್ಲೀನ್ ಡಾಕ್ಟರನ್ನು ಕೇಳಿದ್ದಳು. "ನಿಲ್ಲೋದಕ್ಕೆ ಬಿಡ್ಬೇಡಿ" ಎಂದಿದ್ದರು ಡಾಕ್ಟರು. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಅಂದಿನಿಂದ ಆ ಗುಂಯ್ ಸದ್ದು ಕಿವಿಗೆ ಬೀಳುತ್ತಿದ್ದರೆ ಮಾತ್ರ ಅವಳಿಗೆ ನಿದ್ದೆ.

"ಈ ಸಲ ಜನ ಬೇಡ ಹಾಯ್ಟ್. ನಾವಿಬ್ಬರೇ ಟೀವೀಲಿ ಪಂದ್ಯ ನೋಡೋಣ" ಎಂದು ಅವಳು ವಾರವಿಡೀ ಗೋಗರೆದಿದ್ದಳು.

"ನಮ್ಮನೇಲಿ ಪಂದ್ಯ ಇಲ್ಲ ಅಂದ್ರೆ ಊರವರು ಹಾಯ್ಟ್ ಸತ್ತೋದ ಅಂತ ಹೂವು ತಗೊಂಡು ಬರ್ತಾರೆ ಕಣೇ" ಎಂದು ಅವನು ನಕ್ಕಿದ್ದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವಷ್ಟರಲ್ಲಿ ಅವಳು ಒಪ್ಪಿಕೊಂಡಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಎಲ್ಲರ ಮೈಮೇಲೂ ತಂಡದ ಕೆಂಪು ಅಂಗಿ. ಹಾಯ್ಟನ ತಮ್ಮ ರಾಯ್ಸ್ ಎಲ್ಲರಿಗಿಂತ ಮೊದಲು ಬಂದು, ಟೀವಿಯ ನೇರಕ್ಕಿರುವ ಕುರ್ಚಿ ಹಿಡಿದ. ರಾಯ್ಸ್ ಬಾಯಿ ತೆರೆದರೆ ಮೂರು ಮನೆಗೆ ಕೇಳಬೇಕು. ಹಾಯ್ಟ್ ಅವನ ಪಕ್ಕದಲ್ಲೇ ಕೂತ. ಹಿತ್ತಿಲ ಕೋಣೆಯಿಂದ ಅವನವರೆಗೂ ಉದ್ದದ ಕೊಳವೆ ನೆಲದ ಮೇಲೆ ಚಾಚಿಕೊಂಡಿತ್ತು. ಬಂದವರಿಗೆಲ್ಲ ವರ್ಲೀನ್ "ಕೊಳವೆ ಮೇಲೆ ಕಾಲಿಡ್ಬೇಡಿ, ಕೊಳವೆ ನೋಡ್ಕೊಂಡು" ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಳು. ಬೂಟುಗಳನ್ನೇ ನೋಡುತ್ತಿದ್ದ ಅವಳಿಗೆ ಬಂದವರ ಮುಖ ನೆನಪಿಲ್ಲ.

ಅಮೆರಿಕದ ಈ ಅಲಬಾಮಾದ ಜನರ ವಿಷಯ ಒಂದಿಷ್ಟು ಹೇಳಲೇಬೇಕು. ಭಾನುವಾರ ಚರ್ಚಿನಲ್ಲಿ ಎಲ್ಲವನ್ನೂ ನಡೆಸುವವನು ದೇವರೊಬ್ಬನೇ ಎಂದು ಎದೆತುಂಬಿ ಹಾಡುತ್ತಾರೆ. ಶನಿವಾರ ಮಾತ್ರ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲ್ ನಡೆಸುವುದು ತಾವು ಕೂತ ಕುರ್ಚಿ ಎಂದು ನಂಬುತ್ತಾರೆ. ಗೆದ್ದ ದಿನ ತೊಟ್ಟ ಅಂಗಿಯನ್ನು ಋತು ಮುಗಿಯುವವರೆಗೆ ಒಗೆಯುವುದಿಲ್ಲ. ನಮ್ಮವರು ಅಂಕ ಗಳಿಸಿದಾಗ ಯಾರಾದರೂ ಬಚ್ಚಲಿನಲ್ಲಿದ್ದರೆ, ಪಂದ್ಯ ಮುಗಿಯುವವರೆಗೆ ಆ ಪ್ರಾಣಿ ಬಚ್ಚಲಿನಲ್ಲೇ ಇರಬೇಕು. ಓದಿದವರು, ವಯಸ್ಸಾದವರು ಯಾರೂ ಇದಕ್ಕೆ ಹೊರತಲ್ಲ. ಕೇಳಿದರೆ ತಮಾಷೆಗೆ ಎನ್ನುತ್ತಾರೆ, ಎದ್ದು ನೋಡಿ, ಕೈ ಹಿಡಿದು ಕೂರಿಸುತ್ತಾರೆ.

ಅಂದು ನಮ್ಮ ತಂಡ ಮೊದಲಿನಿಂದಲೇ ಮಣ್ಣು ಮುಕ್ಕುತ್ತಿತ್ತು. ವರ್ಲೀನ್ ಮೊದಲ ಸುತ್ತಿನ ಸ್ಯಾಂಡ್‌ವಿಚ್ ಹಂಚಿದರೂ ಯಾರ ಮುಖದಲ್ಲೂ ಕಳೆಯಿರಲಿಲ್ಲ. ಹಾಯ್ಟ್ ತನ್ನ ಬನ್ ಕಚ್ಚುವಾಗ ಮಾಂಸದ ರಸ ಎದೆಯ ಮೇಲೆಲ್ಲ ಸೋರಿತು. ಅಂಗಿ ಬದಲಿಸಲು ಕೋಲೂರಿಕೊಂಡು ಹಿತ್ತಿಲ ಕೋಣೆಗೆ ಹೋದ. ಅವನು ಒಳಗೆ ಕಾಲಿಟ್ಟನೋ ಇಲ್ಲವೋ, ಟೀವಿಯಲ್ಲಿ ನಮ್ಮ ಹುಡುಗನೊಬ್ಬ ಚೆಂಡು ಹಿಡಿದು ಮೈದಾನದ ಆ ತುದಿಗೆ ಓಡಿ ಅಂಕ ಗಳಿಸಿಬಿಟ್ಟ. ಮನೆಯ ಸೂರು ಹಾರಿಹೋಗುವ ಹಾಗೆ ಎಲ್ಲರೂ ಕಿರುಚಿದರು.

ರಾಯ್ಸ್ ಕುರ್ಚಿಯ ಮೇಲೆ ಹತ್ತಿ ನಿಂತ. "ಅಣ್ಣಾ! ಅಲ್ಲೇ ಇರು! ಹೊರಗೆ ಬಂದ್ಯೋ ನೋಡು, ಕಾಲು ಮುರೀತೀನಿ!"

"ಹಾಯ್ಟ್ ಒಳಗೇ ಇರ್ಲಿ! ಹಾಯ್ಟ್ ಒಳಗೇ ಇರ್ಲಿ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿ ಕೂಗತೊಡಗಿದರು. ಯಾರೋ ಓಡಿಹೋಗಿ ಬಾಗಿಲನ್ನೂ ಮುಚ್ಚಿದರು.

ಒಳಗಿನಿಂದ ಹಾಯ್ಟ್ ಕೋಣೆಗೂ ಅಡಿಗೆಮನೆಗೂ ನಡುವಿನ ಗೋಡೆಗೆ ಕೋಲಿನಿಂದ ಟಕ್ ಟಕ್ ಟಕ್ ಎಂದು ಬಡಿದ. ಒಪ್ಪಿದೆ ಎಂದರ್ಥ. ಇವರೂ ಈ ಕಡೆಯಿಂದ ಗೋಡೆ ಗುದ್ದಿ ಉತ್ತರ ಕೊಟ್ಟರು.

ವರ್ಲೀನಳಿಗೆ ಇದು ಸರಿಬರಲಿಲ್ಲ. ಕೈ ಒರೆಸಿಕೊಂಡು ಬಾಗಿಲಿಗೆ ಹೋದರೆ ರಾಯ್ಸ್ ಅಡ್ಡ ನಿಂತ. "ಅತ್ತಿಗೆ, ಈ ಬಾಗಿಲು ತೆಗೆದು ನಾವು ಸೋತ್ರೆ, ಜಿಲ್ಲೆಗೆಲ್ಲಾ ನಿಮ್ಮ ಹೆಸರು ಹೇಳಿ ಬರ್ತೀನಿ."

"ಪಕ್ಕಕ್ಕೆ ಸರಿಯೋ, ಅವ್ರೊಬ್ರೇ ಇದಾರೆ ಒಳಗೆ."

"ಒಬ್ನೇ ಎಲ್ಲೇ? ಮಷೀನಿದೆ, ಹಾಸಿಗೆ ಇದೆ" ಎಂದು ಹಾಯ್ಟನೇ ಒಳಗಿನಿಂದ ಕೂಗಿದ. "ಬಾಗಿಲು ತೆಗೀಬೇಡ ವರ್ಲೀನ್! ನನ್ನಿಂದ ಗೆಲ್ತಿದಾರೆ ಗೊತ್ತಾ!"

ಆ ದನಿಯಲ್ಲಿ ಏನಿತ್ತೆಂದರೆ, ತಿಂಗಳುಗಟ್ಟಲೆ ಕೇಳಿರದ ಹುರುಪಿತ್ತು. ಕೆಮ್ಮಿರಲಿಲ್ಲ. ಊರವರೆಲ್ಲ ಅಯ್ಯೋ ಪಾಪ ಎಂದು ನೋಡುತ್ತಿದ್ದ ಮನುಷ್ಯನನ್ನು ಇವತ್ತು ಊರವರೆಲ್ಲ ಬೇಕು ಬೇಕು ಎನ್ನುತ್ತಿದ್ದಾರೆ. ವರ್ಲೀನ್ ಬಾಗಿಲಿನಿಂದ ಕೈ ತೆಗೆದಳು. ನಿಜ ಹೇಳಬೇಕೆಂದರೆ, ಒಂದು ಮೂಲೆಯಲ್ಲಿ ಅವಳೂ ನಂಬಿದ್ದಳು.

ನಂಬಿದ್ದಕ್ಕೆ ಸರಿಯಾಗಿ ತಂಡ ಮತ್ತೆ ಅಂಕ ಗಳಿಸಿತು. ಗೋಡೆಯಾಚೆ ಟಕ್ ಟಕ್ ಟಕ್. ವರ್ಲೀನ್ ಕೈಯಲ್ಲಿದ್ದ ಮರದ ಸೌಟಿನಿಂದಲೇ ಮೂರು ಬಡಿದಳು. ನಗು ಬಂತು ಅವಳಿಗೆ, ಬೆಳಗ್ಗಿನಿಂದ ಮೊದಲ ಸಲ.

ಅರ್ಧ ಪಂದ್ಯ ಮುಗಿದಾಗ ಇನ್ನಷ್ಟು ಜನ ಬಂದರು. ಗೆಲ್ಲುವ ಸುದ್ದಿ ಹರಡಿತ್ತು. ಇಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ, ಬಂದವರೆಲ್ಲ ತಮ್ಮ ತಮ್ಮ ಸ್ಲೋ ಕುಕ್ಕರನ್ನು ಮಗುವಿನ ಹಾಗೆ ಅವುಚಿಕೊಂಡೇ ಬರುತ್ತಾರೆ. ಪಕ್ಕದ ಮನೆಯ ನೆಲ್ಡಾ ಹುರುಳಿಕಾಯಿ ತಂದಳು. ಯಾರೋ ಖೀಮಾ ಉಂಡೆ ತಂದರು, ಇನ್ಯಾರೋ ಕರಗಿಸಿದ ಚೀಸು. ಎಲ್ಲವೂ ಅಡಿಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ಎಲ್ಲವಕ್ಕೂ ಕರೆಂಟು ಬೇಕು.

"ಎಲ್ಲಾ ಈ ಗೋಡೆಯ ಪ್ಲಗ್ಗಿಗೇ ಹಾಕ್ಬೇಡಿ, ಕೆಲವು ಹಾಲಿಗೆ ತಗೊಂಡು ಹೋಗಿ" ಎಂದಳು ವರ್ಲೀನ್.

"ಅಯ್ಯೋ ಬಿಡು, ಹಾಲಲ್ಲಿ ಕಾಲಿಡೋಕೆ ಜಾಗ ಇಲ್ಲ" ಎಂದು ನೆಲ್ಡಾ ಒಂದು ಉದ್ದನೆಯ ವೈರಿನ ಎಕ್ಸ್‌ಟೆನ್ಶನ್ ಬೋರ್ಡು ತಂದು ಎಲ್ಲವನ್ನೂ ಅದಕ್ಕೇ ಸಿಕ್ಕಿಸಿದಳು. ವರ್ಲೀನಳ ಎರಡು ಕೈಯೂ ಬಿಸಿ ಮಾಂಸದಲ್ಲಿದ್ದವು. ಎರಡನೆಯ ಕುಕ್ಕರಿನ ತುಂಡುಗಳನ್ನು ದೊಡ್ಡ ತಟ್ಟೆಗೆ ತೆಗೆದು, ಎರಡು ಮುಳ್ಳುಚಮಚ ಹಿಡಿದು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಮೂಳೆ ತಾನಾಗಿಯೇ ಕಳಚಿ ಬಂತು. ಬಿಡಿಸಿದ ಮಾಂಸಕ್ಕೆ ಹುಳಿ ಖಾರದ ಸಾಸು ಸುರಿದು ಕಲಸಿದಳು. ಬನ್ ಸೀಳುವುದು, ಮಾಂಸ ತುಂಬುವುದು, ಮೇಲೊಂದು ಹಿಡಿ ಹೆಚ್ಚಿದ ಎಲೆಕೋಸು ಇಡುವುದು. ಎಷ್ಟು ಮಾಡಿದರೂ ತಟ್ಟೆ ಖಾಲಿಯಾಗಿ ವಾಪಸು ಬರುತ್ತಿತ್ತು. ಹಾಯ್ಟನಿಗೆಂದು ಒಂದನ್ನು ಬೇರೆ ಎತ್ತಿಟ್ಟಳು, ಪಂದ್ಯ ಮುಗಿದ ಮೇಲೆ ಕೊಡೋಣವೆಂದು.

ಅಷ್ಟರಲ್ಲಿ ನೆಲ್ಡಾಗೆ ಕಾಫಿ ಬೇಕೆನಿಸಿತು. ಕಾಫಿ ಮಾಡುವ ಯಂತ್ರಕ್ಕೆ ನೀರು ಹಾಕಿ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತು ನೋಡಿದಳು. "ನಿನ್ನ ಕಾಫಿ ಮಷೀನು ಸತ್ತೋಯ್ತು ಕಣೇ, ಕಸಕ್ಕೆ ಹಾಕು" ಎಂದು ಹಾಲಿಗೆ ಓಡಿದಳು. ಅಡಿಗೆಮನೆಯ ದೀಪ ಉರಿಯುತ್ತಲೇ ಇತ್ತು, ಹಾಲಿನಲ್ಲಿ ಟೀವಿ ಅರಚುತ್ತಲೇ ಇತ್ತು. ವರ್ಲೀನ್ "ಹ್ಞೂಂ" ಎಂದು ಇನ್ನೊಂದು ಬನ್ ಸೀಳಿದಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಟಕ್ ಟಕ್ ಟಕ್.

ಅಂಕವೇನೂ ಬಂದಿರಲಿಲ್ಲ. ಹಾಲಿನಲ್ಲಿ ರಾಯ್ಸ್ ನಕ್ಕ. "ನೋಡ್ರೋ, ಅಣ್ಣಂಗೆ ತಡ್ಕೊಳ್ಳೋಕೆ ಆಗ್ತಿಲ್ಲ! ಬೇಗ ಹೊಡೀರಿ ಅಂತಿದಾನೆ!" ಎಲ್ಲರೂ ಗೋಡೆ ಗುದ್ದಿದರು. ವರ್ಲೀನಳೂ ಸೌಟಿನಿಂದ ಮೂರು ಬಡಿದಳು.

ಮತ್ತೆ ಟಕ್ ಟಕ್. ಈ ಸಲ ಮೆಲ್ಲಗೆ. ಅವಳು ಮತ್ತೆ ಬಡಿದಳು. ಆಮೇಲೆ ಸದ್ದಿಲ್ಲ. ತನ್ನ ಉತ್ತರ ಕೇಳಿ ಸಮಾಧಾನವಾಗಿ ಮಲಗಿದನೇನೋ, ಮಲಗಲಿ ಎಂದುಕೊಂಡಳು.

ಪಂದ್ಯ ಕೊನೆಗೆ ಬಂದು ನಿಂತಿತ್ತು. ಹಾಲಿನಲ್ಲಿ ಉಸಿರಾಡುವವರೂ ಇರಲಿಲ್ಲ. ವರ್ಲೀನ್ ಚಿಪ್ಸಿನ ಬುಟ್ಟಿ ತುಂಬಿ, ಚೀಸಿನ ಕುಕ್ಕರಿನ ಮುಚ್ಚಳ ತೆಗೆದಳು. ಚೀಸಿನ ಮೇಲೆ ಕೆನೆಗಟ್ಟಿತ್ತು.

ಕುದಿಯಬೇಕಾದ ಚೀಸು ಯಾಕೆ ಕೆನೆಗಟ್ಟಿದೆ? ಕುಕ್ಕರಿನ ಬದಿ ಮುಟ್ಟಿದಳು. ಉಗುರುಬೆಚ್ಚಗೆ. ಪಕ್ಕದ್ದನ್ನು ಮುಟ್ಟಿದಳು, ಅದೂ ಹಾಗೇ. ಕಾಫಿ ಮಷೀನು ಕೆಟ್ಟಿರಲಿಲ್ಲ. ಇಷ್ಟೆಲ್ಲ ಒಂದೇ ಲೈನಿಗೆ ಹಾಕಿದ್ದಕ್ಕೆ ಕಟ್ಟೆಯ ಕರೆಂಟು ಹೋಗಿತ್ತು, ದೀಪದ್ದೂ ಟೀವಿಯದೂ ಲೈನು ಬೇರೆ.

ವರ್ಲೀನ್ ಗೋಡೆಯತ್ತ ತಿರುಗಿದಳು. ಆ ಹಿತ್ತಿಲ ಕೋಣೆ ಮೊದಲು ಬರೀ ಜಗಲಿ. ಹಾಯ್ಟ್ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ತಾನೇ ಗೋಡೆ ಎಬ್ಬಿಸಿ, ಯಾರನ್ನೂ ಕರೆಯದೆ, ಈ ಕಟ್ಟೆಯ ಲೈನಿನಿಂದಲೇ ಅಲ್ಲಿಗೆ ವೈರು ಎಳೆದಿದ್ದ. ಇಲ್ಲಿ ಕರೆಂಟು ಹೋದರೆ ಅಲ್ಲೂ ಹೋಗುತ್ತದೆ.

ಬುಟ್ಟಿ ನೆಲಕ್ಕೆ ಬಿತ್ತು. ಹಾಲಿಗೆ ನುಗ್ಗಿದಳು. ರಾಯ್ಸ್ ತಿರುಗಿ ನೋಡದೆ ಕೈ ಅಡ್ಡ ಹಿಡಿದ. "ಅತ್ತಿಗೆ, ದಮ್ಮಯ್ಯ, ಇನ್ನೊಂದೇ ಗಳಿಗೆ ಇರೋದು, ಬಾಗಿಲು ಮುಟ್..."

ಅವಳು ಅವನನ್ನು ನೂಕಿದ ರಭಸಕ್ಕೆ ಅವನು ಕುರ್ಚಿಸಮೇತ ಉರುಳಿದ. ಬಾಗಿಲು ತೆಗೆದಳು.

ಕೋಣೆಯಲ್ಲಿ ಗುಂಯ್ ಸದ್ದಿರಲಿಲ್ಲ. ಅದರ ಬದಲು ಮಷೀನು ಪೀಂ ಪೀಂ ಎಂದು ಒಂದೇ ಸಮ ಅರಚುತ್ತಿತ್ತು. ಮುಚ್ಚಿದ ಬಾಗಿಲು, ಟೀವಿ, ಅಷ್ಟು ಜನರ ಕೇಕೆ ಸೇರಿ ಅದನ್ನು ನುಂಗಿಹಾಕಿದ್ದವು. ಹಾಯ್ಟ್ ಹಾಸಿಗೆಯ ಮೇಲಿರಲಿಲ್ಲ. ಅಡಿಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದಿದ್ದರೂ ಅವಳನ್ನು ನೋಡುತ್ತಿರಲಿಲ್ಲ. ಕೋಲು ಕೈ ಜಾರಿ ದೂರ ಬಿದ್ದಿತ್ತು. ಮೂಲೆಯಲ್ಲಿ ಆಕ್ಸಿಜನ್ ತುಂಬಿದ ಸಿಲಿಂಡರು ನಿಂತಿತ್ತು. ಇಂಥ ಹೊತ್ತಿಗೆಂದೇ ಇಟ್ಟದ್ದು. ಅಷ್ಟು ದೂರ ಹೋಗಲು ಅವನಿಗೆ ಉಸಿರಿರಲಿಲ್ಲ.

"ಹಾಯ್ಟ್! ಹಾಯ್ಟ್!" ಅವಳು ಸಿಲಿಂಡರನ್ನು ದರದರ ಎಳೆದು ತಂದಳು. ಕೈಗೆ ಹಂದಿಯ ಕೊಬ್ಬು ಮೆತ್ತಿಕೊಂಡು ಸಿಲಿಂಡರಿನ ತಿರುಪು ಜಾರುತ್ತಿತ್ತು. ಲಂಗಕ್ಕೆ ಕೈ ಒರೆಸಿ, ಮತ್ತೆ ತಿರುಗಿಸಿ, ಮತ್ತೆ ಜಾರಿ, ಕೊನೆಗೆ ಸುಯ್ ಎಂದಿತು. ಕೊಳವೆ ಬದಲಿಸಿ ಅವನ ತಲೆಯನ್ನು ಎದೆಗೆ ಆನಿಸಿಕೊಂಡಳು. "ಎಳ್ಕೋ. ಮೂಗಲ್ಲಿ ಎಳ್ಕೋ. ನನ್ನ ಬಿಟ್ಟು ಹೋಗ್ಬೇಡ ಕಣೋ, ಎಳ್ಕೋ."

ಬಾಗಿಲಲ್ಲಿ ರಾಯ್ಸ್ ನಿಂತಿದ್ದ. ಅವನ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನೆಲ್ಡಾ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದಳು, ಮನೆಯ ವಿಳಾಸ ಹೇಳುವಾಗ ಅವಳ ನಾಲಿಗೆ ತೊದಲುತ್ತಿತ್ತು. ಟೀವಿಯಲ್ಲಿ ಕ್ರೀಡಾಂಗಣ ಭೋರ್ಗರೆಯಿತು. ಯಾರು ಗೆದ್ದರೋ, ಯಾರು ಸೋತರೋ, ಆ ಮನೆಯಲ್ಲಿ ಒಬ್ಬರೂ ಅತ್ತ ತಿರುಗಲಿಲ್ಲ. ಯಾರೋ ಹೋಗಿ ಅದನ್ನು ಆರಿಸಿದರು.

ತುಟಿಗೆ ಬಣ್ಣ ಬರಲು ಎಷ್ಟು ಹೊತ್ತು ಹಿಡಿಯಿತೆಂದು ವರ್ಲೀನಳನ್ನು ಕೇಳಿದರೆ ಒಂದು ವರ್ಷ ಎಂದಾಳು. ಹಾಯ್ಟ್ ಕಣ್ಣು ಹೊರಳಿಸಿ ಅವಳನ್ನು ಗುರುತಿಸಿದ.

"ಬಡಿದೆ ಕಣೇ" ಎಂದ. ಒಂದೊಂದು ಪದಕ್ಕೂ ನಡುವೆ ಉಸಿರು.

"ಮಾತಾಡ್ಬೇಡ."

"ನೀನೂ ಬಡಿದೆ. ಗೊತ್ತಾಯ್ತು, ಬರ್ತಿದೀಯ ಅಂದ್ಕೊಂಡೆ. ಅದಕ್ಕೇ... ಕಾದೆ."

ಹೌದು, ಬರುತ್ತಿದ್ದೆ ಎಂದುಬಿಡಬಹುದಿತ್ತು. ಅವನು ನಂಬುತ್ತಿದ್ದ. ಆದರೆ ಈ ಮನುಷ್ಯನಿಗೆ ಅವಳು ಎಂದೂ ಸುಳ್ಳು ಹೇಳಿದವಳಲ್ಲ.

"ಇಲ್ಲ ಹಾಯ್ಟ್" ಎಂದಳು. "ನೀನು ಖುಷಿಗೆ ಬಡೀತಿದೀಯ ಅಂದ್ಕೊಂಡೆ. ಬನ್ನಿಗೆ ಮಾಂಸ ತುಂಬ್ತಿದ್ದೆ."

ಹಿಡಿದ ಅವಳ ಜಿಡ್ಡುಗೈಯನ್ನು ಅವನು ಬಿಡಲಿಲ್ಲ. ಆಂಬುಲೆನ್ಸಿನವರು ಬಂದರು. ಹಾಲಿನ ತುಂಬ ನಿಂತ ಜನರನ್ನು ನೋಡಿ ಅವರಲ್ಲೊಬ್ಬಳು ಒಳಗಿನಿಂದ ಬಾಗಿಲು ಮುಚ್ಚಲು ಕೈ ಹಾಕಿದಳು. ಆಗ ಹಾಯ್ಟ್, ಜೀವಮಾನದಲ್ಲಿ ಯಾವುದಕ್ಕೂ ಹೆದರದ ಹಾಯ್ಟ್, ಮೇಲೇಳಲು ತಡಕಾಡುತ್ತ ಚಿಕ್ಕ ಮಗುವಿನ ದನಿಯಲ್ಲಿ ಬೇಡಿಕೊಂಡ.

"ಮುಚ್ಬೇಡಿ. ದಯವಿಟ್ಟು ಮುಚ್ಬೇಡಿ."