ಉಲ್ಟಾ ಬರೆದ ಹೆಸರು

ನಮ್ಮಣ್ಣನಿಗೆ ಒಂದು ಎಲೆಯನ್ನೂ ನೆಟ್ಟಗೆ ಬಿಡಿಸಲು ಬರುವುದಿಲ್ಲ. ಆದರೂ ಊರಿಗೆಲ್ಲ ಅವನೇ ಕಲಾವಿದ. ಗಡ್ಡ ಬಿಟ್ಟಿದ್ದಾನೆ, ಮಾತಿಗೊಮ್ಮೆ ‘ನನ್ನ ರೇಖೆ’ ಎನ್ನುತ್ತಾನೆ. ಆ ರೇಖೆ ಎಳೆಯುವವಳು ನಾನು. ಹಿಂದಿನ ಕೋಣೆಯಲ್ಲಿ ಕೂತು, ಬಿಸಿ ತಾಗಿದರೆ ಬಣ್ಣ ಬಿಡುವ ಪೆನ್ಸಿಲಿನಿಂದ ತೆಳು ಕಾಗದದ ಮೇಲೆ ಬಳ್ಳಿ, ಹಕ್ಕಿ, ಮೀನು ಬಿಡಿಸುತ್ತೇನೆ. ಕಾಗದವನ್ನು ಪರದೆ ಬಟ್ಟೆಯ ಮೇಲೆ ಬೋರಲು ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಅದುಮಿ ಹಿಡಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಅಣ್ಣನ ಕೆಲಸ ಮುಂದಿನ ಕೋಣೆಯಲ್ಲಿ. ಬಂದವರ ಎದುರು ತಲೆ ವಾರೆ ಮಾಡಿ ನಿಂತು, ಪರದೆಗಳನ್ನು ತಾನೇ ಮೆಚ್ಚಿಕೊಳ್ಳುವುದು.

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಬಾಯಿಬಿಟ್ಟು ಕೇಳಿದ್ದೆ.

“ಅಣ್ಣಾ, ಒಂದು ಮೂಲೇಲಿ ನನ್ನ ಹೆಸರು ಹಾಕೋಣ್ವಾ?”

“ನಿನ್ನ ಹೆಸರು ಯಾರಿಗೆ ಗೊತ್ತು ಪುಟ್ಟಿ?” ಎಂದು ನಕ್ಕ. ಗೊತ್ತಾಗಲು ಬಿಟ್ಟವರು ಯಾರು?

ಮೊನ್ನೆ ಪರದೆ ಅಂಗಡಿಯ ಯಜಮಾನಿ ಹೇಳಿ ಕಳಿಸಿದರು: ಬಂದು ನೋಡುತ್ತೇನೆ, ಹಿಡಿಸಿದರೆ ಆರು ಪರದೆಗಳನ್ನು ಕಲಾವಿದರ ಹೆಸರಿನೊಂದಿಗೆ ಅಂಗಡಿ ಮುಂದಿನ ಗಾಜಿನ ಕಿಟಕಿಯಲ್ಲಿ ತೂಗುಹಾಕುತ್ತೇನೆ. ಅಣ್ಣ ನೆಲದ ಮೇಲೆ ನಿಲ್ಲಲಿಲ್ಲ. ಪೆನ್ಸಿಲ್ ಕಸಿದುಕೊಂಡು ನನ್ನ ಮೀನಿನ ಕೆಳಗೆ ತನ್ನ ಸಹಿ ಗೀಚಿದ. ನಾನು ಹಾಗೇ ಒತ್ತಿದೆ. ಕಾಗದ ಎತ್ತಿದರೆ ಸಹಿ ಕನ್ನಡಿಯಲ್ಲಿ ಕಂಡಂತೆ ತಿರುಗಾ ಮುರುಗಾ.

“ಏನೇ ಇದು! ಇಸ್ತ್ರಿ ಕೆಟ್ಟಿದ್ಯಾ?”

ಅಯ್ಯೋ ದಡ್ಡಶಿಖಾಮಣಿ! ಹದಿನಾಲ್ಕು ವರ್ಷದಿಂದ ಇದೇ ಸೂರಿನಡಿ ಇದ್ದಾನೆ.

“ಬೋರಲು ಹಾಕ್ತೀವಲ್ಲ ಅಣ್ಣ, ಅಕ್ಷರ ಉಲ್ಟಾ ಬರೀಬೇಕು.”

“ಹಾಗಾದ್ರೆ ನೀನೇ ಬರೆದಿಡು. ಅಂಥ ಚಿಲ್ಲರೆ ಕೆಲಸ ನನ್ನದಲ್ಲ.”

ಬರೆದೆ. ಆರೂ ಕಾಗದಗಳ ಮೂಲೆಯಲ್ಲಿ, ಉಲ್ಟಾ, ನಿಧಾನವಾಗಿ. ಅಣ್ಣ ಕನ್ನಡಕ ಏರಿಸಿ ಒಂದೊಂದನ್ನೂ ಪರೀಕ್ಷಿಸಿದ. “ಹೂಂ, ನನ್ನ ಹೆಸರು ಚೆನ್ನಾಗಿ ಬಂದಿದೆ” ಎಂದು ತಲೆದೂಗಿದ. ನಗು ತಡೆಯಲು ನಾನು ಇಸ್ತ್ರಿಯ ವೈರು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಬೇಕಾಯಿತು.

ಯಜಮಾನಿ ಬಂದರು. ಅಣ್ಣ ತಾನೇ ಒತ್ತಿ ತೋರಿಸುತ್ತೇನೆಂದು ಅಂಗಿಯ ತೋಳು ಮಡಚಿದ. “ಎಳೀಬೇಡ, ಅದುಮಿ ಹಿಡಿ” ಎಂದು ಪಿಸುಗುಟ್ಟಿದೆ. ಒತ್ತಿದ, ಕಾಗದವನ್ನು ಗತ್ತಿನಿಂದ ಎತ್ತಿದ. ಬಿಳಿ ಬಟ್ಟೆಯ ಮೇಲೆ ನೀಲಿ ಕೊಕ್ಕರೆ. ಯಜಮಾನಿ ಬಗ್ಗಿ ಮೂಲೆಯ ಹೆಸರನ್ನು ಗಟ್ಟಿಯಾಗಿ, ಇನಿಷಿಯಲ್ ಸಮೇತ ಓದಿದರು. ನನ್ನ ಪೂರ್ತಿ ಹೆಸರು.

“ಹೆಂಗಸರ ಹೆಸರು ಇದು. ಯಾರು ಇವರು?”

ಅಣ್ಣ ಇಂಗು ತಿಂದ ಮಂಗನಂತಾದ. ಬಗ್ಗಿ ಅಕ್ಷರ ನೋಡಿದ, ಆಮೇಲೆ ನನ್ನನ್ನು ನೋಡಿದ. ಏನಾದರೂ ಹೇಳಿ ಕಾಪಾಡು ಎಂದು ಆ ಕಣ್ಣು ಬೇಡುತ್ತಿತ್ತು. ಕರುಣೆ ಬರಲಿಲ್ಲ. ಬಂದಿದ್ದರೂ ತೋರಿಸುತ್ತಿರಲಿಲ್ಲ.

“ನಾನೇ” ಎಂದೆ.

ಯಜಮಾನಿ ಅವನ ಕಡೆ ಬೆನ್ನು ಮಾಡಿ ನನ್ನತ್ತ ತಿರುಗಿದರು. “ಈ ಕುತ್ತಿಗೇನ ಒಂದೇ ಗೆರೇಲಿ ಎಳೆದಿದ್ದೀರಲ್ಲ, ಹೇಗಮ್ಮಾ?”

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಹೊಸ ಕಾಗದದ ಮೇಲೆ ಆ ಗೆರೆ ಎಳೆದು ತೋರಿಸಿದೆ. ಪಕ್ಕದಲ್ಲೇ ಅಣ್ಣ ನಿಂತಿದ್ದ, ಮಾತಿನ ಮಲ್ಲ. ಕಾಗದ ಜಾರದಂತೆ ಮೂಲೆ ಹಿಡಿದುಕೊಂಡ.