ಕರಡಿಗೆಯ ಪಕ್ಕದ ಫೋನು

ಸುಂಕದಕಟ್ಟೆಯಲ್ಲಿ ಬಸ್ಸು ಹತ್ತುವಾಗಲೇ ವಚನಾಳ ಅಂಗೈ ಬೆವರಿತ್ತು. ಎರಡು ಸೀಟು ಮುಂದೆ ಅವಳ ತಮ್ಮ ಬಸವಕುಮಾರ ಬಿಳಿ ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದ. ಅವಳ ಪಕ್ಕದಲ್ಲಿ ಅಪ್ಪ ಕರಿಬಸಪ್ಪ, ಇನ್ಸ್‌ಪೆಕ್ಟರು ಬಂದ ದಿನದ ಮೇಷ್ಟ್ರಂತೆ ನೆಟ್ಟಗೆ. ತಾವಿಬ್ಬರೂ ಹಿಂದೆ ಕೂತಿರುವುದು ಬಸವನಿಗೆ ಗೊತ್ತಾಗಬಾರದು, ಏನೇ ಆದರೂ ಬಾಯಿ ಬಿಡಬಾರದು ಎಂದು ಮನೆಯಲ್ಲೇ ಒಪ್ಪಂದವಾಗಿತ್ತು. ಅಪ್ಪನ ಫೋನಿನ ಸದ್ದನ್ನೂ ವಚನಾ ತಾನೇ ಅಡಗಿಸಿ ಅವರ ಜೇಬಿಗಿಟ್ಟಿದ್ದಳು.

ಎರಡು ವರ್ಷದ ಹಿಂದೆ ಬಸವನ ಕಣ್ಣು ಪೂರ್ತಿ ಹೋದವು. ಈಗ ಹೌಸಿಂಗ್ ಬೋರ್ಡ್ ಸ್ಟಾಪಿನ ಬಳಿ ಒಂದು ಆಫೀಸಿನಲ್ಲಿ ಗಿರಾಕಿಗಳ ಫೋನಿಗೆ ಉತ್ತರ ಹೇಳುವ ಕೆಲಸ ಸಿಕ್ಕಿತ್ತು. ಒಬ್ಬನೇ ಹೋಗಿಬರುತ್ತೇನೆಂದು ಹಟ ಹಿಡಿದ. ಆಪ್ ಬರೆಯುವುದೇ ಕಸುಬಾದ ವಚನಾ, ಇಳಿಯುವ ಸ್ಟಾಪು ಬಂದಾಗ ತಿಳಿಸುವ ಆಪೊಂದನ್ನು ತಮ್ಮನಿಗೆಂದೇ ಮಾಡಿದಳು.

"ಅದು ಮಾತಾಡೋದು ಬೇಡ ಅಕ್ಕ. ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡ್ರೆ ರಸ್ತೆ ಹೆಂಗ್ ಕೇಳ್ಸುತ್ತೆ ನಂಗೆ?" ಎಂದ ಬಸವ.

ಹಾಗಾಗಿ ವೈಬ್ರೇಶನ್ ಸೇರಿಸಿದಳು. ಇಳಿಯಬೇಕಾದಾಗ ಫೋನು ಎದೆಯ ಜೇಬಿನಲ್ಲಿ ಟಕ್ ಟಕ್ ಎಂದು ಎರಡು ಸಲ ಅದುರಬೇಕು. ಅಂಗೈಯಲ್ಲಿಟ್ಟು ನೋಡಿದಳು, ಬ್ಯಾಗಿನಲ್ಲಿಟ್ಟು ನೋಡಿದಳು, ಎಲ್ಲ ಸರಿಯಾಗಿಯೇ ಇತ್ತು.

ಕಳೆದ ವಾರ ಬಸವ ಸುಮನಹಳ್ಳಿಯಲ್ಲೇ ಇಳಿದುಬಿಟ್ಟ. ಲಾರಿಗಳ ನಡುವೆ ಕೋಲು ಹಿಡಿದು ನಿಂತವನನ್ನು ಯಾರೋ ಪುಣ್ಯಾತ್ಮರು ಪಕ್ಕಕ್ಕೆ ಕರೆತಂದು ಮನೆಗೆ ಫೋನ್ ಮಾಡಿದರು. "ಎರಡು ಸಲ ಬಡೀತು ಅಕ್ಕ, ದೇವ್ರಾಣೆ," ಎಂದ. ಆಪು ಆಗ ತೆಪ್ಪಗಿತ್ತೆಂದು ಅವಳ ಕಂಪ್ಯೂಟರು ಹೇಳುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ವಚನಾ ತಮ್ಮನನ್ನು ಬಿಟ್ಟು ಆಪನ್ನು ನಂಬಿದಳು. "ನಿಂಗೆ ಭ್ರಮೆ ಕಣೋ," ಎಂದೂ ಅಂದುಬಿಟ್ಟಳು.

ಮಾರನೆಯ ಬೆಳಿಗ್ಗೆ ಬಸವ ಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ಕೊರಳಲ್ಲಿ ತೂಗುವ ಬೆಳ್ಳಿ ಕರಡಿಗೆಯೊಳಗೆ ಸೇರಿಸಿ, ಅಂಗಿ ತೊಟ್ಟು, ಜೇಬಿಗೆ ಫೋನು ಹಾಕಿಕೊಂಡು ಚಪ್ಪಲಿ ಹುಡುಕಲು ಬಗ್ಗಿದ. ಟಕ್ ಟಕ್. ಅಂಗಿಯೊಳಗಿನ ಕರಡಿಗೆ ಫೋನಿಗೆ ಬಡಿದಿತ್ತು. ಬಾಗಿಲಲ್ಲಿ ನಿಂತಿದ್ದ ವಚನಾಳಿಗೆ ಅಳು ಬಂತು. ಹುಟ್ಟಿದಾಗಿನಿಂದ ಎದೆಯ ಮೇಲಿರುವ ವಸ್ತು. ಅದು ಬಡಿಯುತ್ತದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪ್ರಯಾಣದ ಹೊತ್ತಿಗೆ ಅದನ್ನು ತೆಗೆದಿಡು ಎನ್ನುವುದಂತೂ ಯಾರ ಬಾಯಲ್ಲೂ ಬರುವ ಮಾತಲ್ಲ. ಪ್ಯಾಂಟಿನ ಜೇಬಿಗೆ ಹಾಕೋಣವೆಂದರೆ ಬಸ್ಸಿನ ನೂಕುನುಗ್ಗಲಲ್ಲಿ ಫೋನು ಉಳಿಯುವ ಭರವಸೆಯಿಲ್ಲ. ಅವಳು ಟಕ್ ಟಕ್ಕನ್ನು ಕಿತ್ತುಹಾಕಿ, ಬೆಕ್ಕು ಗುರುಗುಟ್ಟಿದಂತೆ ಮೆಲ್ಲಗೆ ಶುರುವಾಗಿ ಬಲವಾಗುವ ನಡುಕವೊಂದನ್ನು ಕೂರಿಸಿದಳು. ಅಂಥದ್ದನ್ನು ಬೆಂಗಳೂರಿನ ಹಳ್ಳ ದಿಣ್ಣೆಗಳೂ ಹುಟ್ಟಿಸಲಾರವು.

ಆದರೆ ಕರಿಬಸಪ್ಪನವರು ಕೊಟ್ಟಿದ್ದು ಒಂದೇ ಅವಕಾಶ. "ಇನ್ನೊಂದ್ ಸಲ ತಪ್ಪಿದ್ರೆ ಕೆಲಸ ಬಿಡ್ಲಿ. ಮನೇಲಿದ್ರೆ ನನ್ ಮಗ ನಂಗೇನ್ ಭಾರ ಅಲ್ಲ." ಅಪ್ಪನ ಆ ಪ್ರೀತಿಗೆ ಬಸವ ಊಟ ಬಿಟ್ಟು ಎದ್ದುಹೋಗಿದ್ದ.

ಸುಮನಹಳ್ಳಿ ಬಂತು. ಬಸ್ಸು ಎದ್ದು ಬಿದ್ದು ಎಲ್ಲರನ್ನೂ ಕುಲುಕಿತು. ಬಸವ ಸೀಟು ಬಿಟ್ಟು ಏಳಲಿಲ್ಲ. ವಚನಾ ಉಸಿರು ಬಿಟ್ಟಳು.

ಕಾಮಾಕ್ಷಿಪಾಳ್ಯದಲ್ಲಿ ಜನ ನುಗ್ಗಿದರು. ಕಿಟಕಿ ಬದಿಯಲ್ಲಿದ್ದ ಅವಳಿಗೆ ಈಗ ಬಸವನ ಹಿಂದಲೆ ಮಾತ್ರ ಕಾಣುತ್ತಿತ್ತು. ಬಸ್ಸು ಮುಂದೆ ಸರಿಯಿತು. ತಮ್ಮನ ಫೋನಿಗೆ ಸೂಚನೆ ಹೋಗಿದೆಯೆಂದು ಅವಳ ಫೋನು ತೋರಿಸಿತು. ಬಸವನ ತಲೆ ಅಲ್ಲೇ ಇತ್ತು. ಹೌಸಿಂಗ್ ಬೋರ್ಡ್ ಸ್ಟಾಪಿನ ಪಕ್ಕದ ಹಣ್ಣಿನ ಗಾಡಿಗಳು ಕಂಡವು. ಬಸವ ಏಳಲಿಲ್ಲ. ಬ್ಯಾಟರಿ ಕಡಿಮೆಯಾಗಿ ಫೋನು ನಡುಗುವುದನ್ನೇ ನಿಲ್ಲಿಸಿತೆ? ನಡುಕ ತೀರಾ ಮೆತ್ತಗಾಯಿತೆ? ಇದನ್ನು ತಪ್ಪಿಸಿಕೊಂಡರೆ ತಮ್ಮ ಇನ್ನು ಹೊಸ್ತಿಲು ದಾಟುವುದಿಲ್ಲ, ಅದೂ ತನ್ನಿಂದ. ಒಪ್ಪಂದ ಗಿಪ್ಪಂದವೆಲ್ಲ ಹಾಳಾಗಲಿ ಎಂದು ಎದ್ದು ನಿಂತು ಬಾಯಿ ತೆರೆದಳು.

ಒರಟು ಕೈಯೊಂದು ಅವಳ ಮಣಿಕಟ್ಟನ್ನು ಹಿಡಿದು ಜಗ್ಗಿ ಕೂರಿಸಿತು. ಅಪ್ಪ.

"ಕೂತ್ಕೋ," ಎಂದು ಕರಿಬಸಪ್ಪ ಪಿಸುಗುಟ್ಟಿದರು. ಸೀಟುಗಳ ನಡುವಿನ ದಾರಿಯ ಬದಿಯಲ್ಲಿದ್ದ ಅವರಿಗೆ ಜನರ ಸಂದಿಯಿಂದ ಮಗ ಕಾಣುತ್ತಿದ್ದ. "ಎದೆ ಮೇಲೆ ಕೈ ಇಟ್ಕೊಂಡಿದಾನೆ. ಗೊತ್ತಾಗಿದೆ ಅವ್ನಿಗೆ. ಬಸ್ ನಿಲ್ಲೋ ತಂಕ ಸುಮ್ನಿರು."

ಬಸ್ಸು ನಿಂತಿತು. ಬಸವ ಎದ್ದ. "ಸ್ವಲ್ಪ ಜಾಗ ಬಿಡಿ ಅಣ್ಣ, ಇಳೀಬೇಕು," ಎನ್ನುತ್ತ ಕೋಲು ಮುಂದೆ ಚಾಚಿ ಮೆಟ್ಟಿಲಿಳಿದ. ಅಪ್ಪ ಮಗಳು ಹಿಂದಿನ ಬಾಗಿಲಿಂದ ಕಳ್ಳರ ಹಾಗೆ ಇಳಿದು, ಫುಟ್‌ಪಾತಿನಲ್ಲಿ ಅವನ ಹಿಂದೆ ಉಸಿರು ಬಿಗಿಹಿಡಿದು ನಿಂತರು.

ಬಸವ ಜೇಬಿನಿಂದ ಫೋನು ತೆಗೆದು ಯಾರಿಗೋ ಕರೆ ಮಾಡಿದ. ಕರಿಬಸಪ್ಪನವರ ಎದೆಯಲ್ಲಿ ಗಿರ್ರೆಂದು ಶುರುವಾಯಿತು. ಜೇಬಿನ ಫೋನು ನಡುಗಿ ನಡುಗಿ ಅಂಗಿಯೊಳಗಿನ ಅವರ ಬೆಳ್ಳಿ ಕರಡಿಗೆಗೆ ಬಡಿದು ಗಿಲಕಿಯಂತೆ ಸದ್ದು ಮಾಡಿತು. ಅಪ್ಪನ ಫೋನಿನ ಸದ್ದಡಗಿಸಿದ ಜಾಣೆಗೆ ಈ ಸಲವೂ ಕರಡಿಗೆಯ ನೆನಪಾಗಿರಲಿಲ್ಲ.

ಬಸವನ ತಲೆ ತುಸು ಓರೆಯಾಯಿತು. ಕರಿಬಸಪ್ಪ ಗಡಬಡಿಸಿ ಫೋನು ಕಿವಿಗಿಟ್ಟುಕೊಂಡರು.

"ಅಪ್ಪಾ, ಇಳಿದೆ."

"ಹೂಂ," ಎಂದರು ಅಪ್ಪ. "ಹುಷಾರಾಗ್ ಹೋಗ್ ಬಾ ಮಗಾ. ದಿನಾ ಹಿಂಗೇ ಹೋಗ್ ಬಾ. ನಾನು... ಮನೇಲೇ ಇದೀನಿ."

ಬಸವ ಹಿಂದಕ್ಕೆ ತಿರುಗಲಿಲ್ಲ. ಕೆನ್ನೆ ಮಾತ್ರ ನಗುವಿಗೆ ಉಬ್ಬಿದ್ದು ವಚನಾಳಿಗೆ ಕಂಡಿತು.

"ಸರಿ ಅಪ್ಪಾ. ಬಿಸಿಲಲ್ಲಿ ನಿಂತ್ಕೋಬೇಡಿ. ಅಕ್ಕನ್ನ ಕರ್ಕೊಂಡ್ ಹೋಗಿ ತಿಂಡಿ ತಿನ್ನಿ," ಎಂದು ಹೇಳಿ, ಫೋನನ್ನು ಜೇಬಿಗಿಳಿಸಿ, ಕೋಲು ತಟ್ಟುತ್ತ ಆಫೀಸಿನ ಕಡೆಗೆ ನಡೆದ.